ಇಳಿಜಾರು ನೆಲದಲ್ಲಿ ಬೇಲಿ ಪ್ಯಾನಲ್ ಕೂರಿಸುವುದು ಹೇಗೆ?

ಸಿದ್ಧ ಪ್ಯಾನಲ್‌ಗಳು ಬಂದ ಮೇಲೆ ಬೇಲಿ ಹಾಕುವ ಕೆಲಸ ಬಹಳ ಹಗುರವಾಗಿದೆ. ಕಂಬ ನೆಡಬೇಕು, ಪ್ಯಾನಲ್ ತಂದು ನಡುವೆ ಬಿಗಿಯಬೇಕು, ಅಷ್ಟೆ. ಆದರೆ ಇದು ಸಮತಟ್ಟಾದ ನೆಲದ ಮಾತು. ನಿವೇಶನ ಸ್ವಲ್ಪ ಇಳಿಜಾರಿದ್ದರೂ ಎರಡನೇ ಮೂರನೇ ಪ್ಯಾನಲ್‌ಗೆ ಬರುವಷ್ಟರಲ್ಲಿ ತಕರಾರು ಶುರುವಾಗುತ್ತದೆ. ಕಂಬಗಳ ನಡುವೆ ಪ್ಯಾನಲ್ ಹಿಡಿಸುವುದಿಲ್ಲ. ಹಿಡಿಸಿದರೆ ಒಂದು ತುದಿ ಮಣ್ಣಿಗೆ ತಾಗುತ್ತದೆ, ಇನ್ನೊಂದು ತುದಿಯ ಕೆಳಗೆ ನಾಯಿ ನುಸುಳುವಷ್ಟು ಸಂದು ಉಳಿಯುತ್ತದೆ. ತಂದ ಕಂಬ ಗಿಡ್ಡವಾಗಿ ಮೇಲಿನ ಬ್ರಾಕೆಟ್‌ಗೆ ಜಾಗವೇ ಇರುವುದಿಲ್ಲ. ಇವೆಲ್ಲವೂ ಮೊದಲ ಗುಂಡಿ ತೋಡುವ ಮುಂಚೆಯೇ ಆಗಿಹೋದ ತಪ್ಪುಗಳು. ಇಳಿಜಾರಿನ ಬೇಲಿಯಲ್ಲಿ ಅರ್ಧ ಕೆಲಸ ಅಳತೆಯದು. ಅದಕ್ಕೇ ಈ ಬರಹದಲ್ಲೂ ಅಳತೆಗೆ ಹೆಚ್ಚು ಜಾಗ ಕೊಟ್ಟಿದೆ.

ಮೊದಲು ಕೆಲವು ಪದಗಳು

ಪ್ಯಾನಲ್ ಎಂದರೆ ಕಾರ್ಖಾನೆಯಲ್ಲೇ ಜೋಡಿಸಿ ಬರುವ ಬೇಲಿಯ ತುಂಡು. ಅದರಲ್ಲಿ ಎರಡು ಅಥವಾ ಮೂರು ಅಡ್ಡಪಟ್ಟಿಗಳು, ಅವುಗಳ ಮೇಲೆ ಸಾಲಾಗಿ ನಿಲುವು ಪಟ್ಟಿಗಳು ಇರುತ್ತವೆ. ಜಾಲರಿ ಪ್ಯಾನಲ್ ಆದರೆ ಅಡ್ಡ, ಉದ್ದ ಸರಳುಗಳನ್ನು ಬೆಸುಗೆ ಹಾಕಿರುತ್ತಾರೆ. ಮರದ ಪ್ಯಾನಲ್‌ಗಳು ಸಾಮಾನ್ಯವಾಗಿ 1.8ರಿಂದ 2.4 ಮೀಟರ್ ಅಗಲ, ಬೆಸುಗೆ ಜಾಲರಿಯವು ಸುಮಾರು 2.5 ಮೀಟರ್ ಅಗಲ ಇರುತ್ತವೆ.

ಇಳಿತ ಎಂದರೆ ಎರಡು ಬಿಂದುಗಳ ನಡುವಿನ ಎತ್ತರದ ವ್ಯತ್ಯಾಸ. ಓಟ ಎಂದರೆ ಅದೇ ಎರಡು ಬಿಂದುಗಳ ನಡುವೆ ನೆಲಕ್ಕೆ ಅಂಟದೆ, ಮಟ್ಟವಾಗಿ ಅಳೆದ ದೂರ. ಇಳಿತವನ್ನು ಓಟದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಇಳಿಜಾರಿನ ಶೇಕಡಾ ಸಿಗುತ್ತದೆ. 10 ಮೀಟರ್ ಓಟದಲ್ಲಿ 1 ಮೀಟರ್ ಇಳಿದರೆ ಅದು ಶೇ. 10. ಇದನ್ನು ಡಿಗ್ರಿಯ ಜೊತೆ ಬೆರೆಸಬಾರದು. ಶೇ. 14ರ ಇಳಿಜಾರು ಸುಮಾರು 8 ಡಿಗ್ರಿ. ಆದರೆ 14 ಡಿಗ್ರಿ ಎಂದರೆ ಶೇ. 25. ಪ್ಯಾನಲ್ ತಯಾರಕರಲ್ಲಿ ಕೆಲವರು ಡಿಗ್ರಿಯಲ್ಲಿ ಹೇಳುತ್ತಾರೆ, ಕೆಲವರು ‘ಪ್ಯಾನಲ್‌ಗೆ ಇಷ್ಟು ಸೆಂಟಿಮೀಟರ್’ ಎನ್ನುತ್ತಾರೆ. ಕೊಳ್ಳುವ ಮುಂಚೆ ಯಾವ ಲೆಕ್ಕ ಎಂದು ಕೇಳಿಕೊಳ್ಳಿ.

ಮೆಟ್ಟಿಲೋ, ಓರೆಯೋ

ಇಳಿಜಾರಿನಲ್ಲಿ ಪ್ಯಾನಲ್ ಕೂರಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಮೆಟ್ಟಿಲು ಪದ್ಧತಿ, ಇನ್ನೊಂದು ಓರೆ ಪದ್ಧತಿ. ಎತ್ತರದ ಜಾಗಕ್ಕೆ ಮೆಟ್ಟಿಲು ಕಟ್ಟುವುದಕ್ಕೂ ಗಾಲಿಕುರ್ಚಿ ಹೋಗುವಂಥ ಜಾರುದಾರಿ ಮಾಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಮೆಟ್ಟಿಲು ಪದ್ಧತಿಯಲ್ಲಿ ಪ್ರತಿ ಪ್ಯಾನಲ್ ತನ್ನಷ್ಟಕ್ಕೆ ಸರಿಮಟ್ಟವಾಗಿಯೇ ಇರುತ್ತದೆ, ಮುಂದಿನ ಪ್ಯಾನಲ್ ಅದಕ್ಕಿಂತ ಒಂದಿಷ್ಟು ಕೆಳಗೆ ಕೂರುತ್ತದೆ. ಓರೆ ಪದ್ಧತಿಯಲ್ಲಿ ಅಡ್ಡಪಟ್ಟಿಗಳು ನೆಲದ ಜೊತೆಗೇ ಓರೆಯಾಗಿ ಇಳಿಯುತ್ತವೆ. ನಿಲುವು ಪಟ್ಟಿಗಳು ಮಾತ್ರ ನೆಟ್ಟಗೇ ನಿಲ್ಲುತ್ತವೆ. ಆಯತವಾಗಿದ್ದ ಪ್ಯಾನಲ್ ವಾಲಿ ಸಮಾಂತರ ಚತುರ್ಭುಜವಾಗುತ್ತದೆ.

ಯಾವುದನ್ನು ಆರಿಸಬೇಕೆಂಬುದು ಬಹುಮಟ್ಟಿಗೆ ಪ್ಯಾನಲ್‌ನ ಜಾತಿಯ ಮೇಲೆ ನಿಂತಿದೆ. ಬೆಸುಗೆ ಹಾಕಿದ ಜಾಲರಿ ವಾಲುವುದಿಲ್ಲ. ಒತ್ತಾಯದಿಂದ ವಾಲಿಸಿದರೆ ಬೆಸುಗೆ ಬಿಡುತ್ತದೆ. ಸುತ್ತಲೂ ಚೌಕಟ್ಟು ಇರುವ ಮರದ ಪ್ಯಾನಲ್ ಕೂಡ ಹಾಗೆಯೇ. ಕಾಂಕ್ರೀಟ್ ಕಂಬದ ಗಾಡಿಯಲ್ಲಿ, ಅಂದರೆ ಅದರ ಬದಿಯ ಉದ್ದನೆಯ ತೋಡಿನಲ್ಲಿ, ಮೇಲಿನಿಂದ ಇಳಿಬಿಡುವ ಪ್ಯಾನಲ್‌ಗಳಿಗಂತೂ ಮೆಟ್ಟಿಲಲ್ಲದೆ ಬೇರೆ ದಾರಿ ಇಲ್ಲ. ವಾಲುವ ಗುಣ ಇರುವುದು ಪ್ರತಿ ನಿಲುವು ಪಟ್ಟಿಯನ್ನು ಅಡ್ಡಪಟ್ಟಿಗೆ ಒಂದೇ ಮೊಳೆ ಅಥವಾ ಒಂದೇ ತಿರುಗುವ ಪಿನ್ನಿನಿಂದ ಹಿಡಿಸಿದ ಪ್ಯಾನಲ್‌ಗಳಿಗೆ ಮಾತ್ರ. ಒಂದೊಂದು ಕೂಡುವ ಜಾಗದಲ್ಲೂ ಎರಡೆರಡು ಮೊಳೆ ಕಂಡರೆ ಅದು ಗಟ್ಟಿ ಪ್ಯಾನಲ್ ಎಂದೇ ತಿಳಿಯಿರಿ.

ವಾಲುವ ಪ್ಯಾನಲ್‌ಗೂ ಮಿತಿ ಇದೆ. ಆ ಮಿತಿ ಮೀರಿದರೆ ಪಟ್ಟಿಗಳು ಒಂದಕ್ಕೊಂದು ಉಜ್ಜಿ ನಿಲ್ಲುತ್ತವೆ. ನೆಲ ಅದಕ್ಕಿಂತ ಕಡಿದಾಗಿದ್ದರೆ ಎರಡೂ ಪದ್ಧತಿಗಳನ್ನು ಕೂಡಿಸಬಹುದು: ಪ್ಯಾನಲ್ ಎಷ್ಟು ವಾಲುತ್ತದೋ ಅಷ್ಟು ವಾಲಿಸಿ, ಉಳಿದ ಇಳಿತವನ್ನು ಕಂಬದ ಬಳಿ ಸಣ್ಣ ಮೆಟ್ಟಿಲಿನಲ್ಲಿ ತೀರಿಸುವುದು.

ಇಳಿತ ಒಂದು ಪ್ಯಾನಲ್‌ಗೆ 5–6 ಸೆಂ.ಮೀ.ಗಿಂತ ಕಡಿಮೆ ಇದ್ದಲ್ಲಿ ಮೆಟ್ಟಿಲು ಮಾಡದಿರುವುದೇ ಒಳ್ಳೆಯದು. ಅಷ್ಟು ಸಣ್ಣ ಮೆಟ್ಟಿಲು ಮಾಡಿದ ಹಾಗೆ ಕಾಣುವುದಿಲ್ಲ, ತಪ್ಪಾದ ಹಾಗೆ ಕಾಣುತ್ತದೆ. ಮೇಲಂಚನ್ನು ಸರಿಮಟ್ಟವಾಗಿ ಓಡಿಸಿ, ಎರಡು ಮೂರು ಪ್ಯಾನಲ್‌ಗೊಮ್ಮೆ ಇಳಿಸಿ, ಕೆಳಗೆ ಮಣ್ಣು ಸರಿಪಡಿಸಿದರೆ ಸಾಕು.

ಇಳಿತ ಅಳೆಯುವುದು

ಇದಕ್ಕೆ ದುಬಾರಿ ಸಲಕರಣೆ ಬೇಡ. ಬೇಲಿಯ ಎರಡು ತುದಿಗಳಲ್ಲಿ ಗೂಟ ಹೊಡೆದು, ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ನೋಡುವ ಹಳೆಯ ವಿಧಾನವೇ ನಂಬಿಕಸ್ತ. ಟ್ಯೂಬಿನ ಎರಡೂ ಬಾಯಿ ತೆರೆದಿದ್ದಾಗ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಮೇಲಿನ ಗೂಟದ ಬಳಿ ನೀರು ನೆಲದಿಂದ 20 ಸೆಂ.ಮೀ. ಮೇಲಿದ್ದು, ಕೆಳಗಿನ ಗೂಟದ ಬಳಿ 200 ಸೆಂ.ಮೀ. ಮೇಲಿದ್ದರೆ ಇಳಿತ 180 ಸೆಂ.ಮೀ.

ಟ್ಯೂಬಿನ ಒಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಮಟ್ಟ ಸುಳ್ಳು ಹೇಳುತ್ತದೆ. ನೀರನ್ನು ನಿಧಾನವಾಗಿ ಒಂದೇ ತುದಿಯಿಂದ ತುಂಬಿ, ಉದ್ದಕ್ಕೂ ಬೆರಳಲ್ಲಿ ತಟ್ಟಿ ಗುಳ್ಳೆ ಹೊರಡಿಸಿ. ಆಮೇಲೆ ಎರಡೂ ತುದಿಗಳನ್ನು ಒಟ್ಟಿಗೆ ಹಿಡಿದು ನೀರು ಸಮ ಇದೆಯೇ ಎಂದು ನೋಡಿ. ಸಮ ಇಲ್ಲದಿದ್ದರೆ ಎಲ್ಲೋ ಗುಳ್ಳೆ ಉಳಿದಿದೆ ಎಂದರ್ಥ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಇಬ್ಬರೂ ಹೆಬ್ಬೆರಳಿನಿಂದ ಬಾಯಿ ಮುಚ್ಚಿರಬೇಕು, ಅಳೆಯುವಾಗ ಇಬ್ಬರೂ ತೆಗೆದಿರಬೇಕು. ಒಬ್ಬರು ಮುಚ್ಚಿ ಒಬ್ಬರು ತೆಗೆದಿದ್ದರೆ ಸಿಗುವ ಅಂಕಿ ಕಸಕ್ಕೆ ಸಮ. ದಾರಕ್ಕೆ ನೇತುಹಾಕುವ ಪುಟ್ಟ ಲೆವೆಲ್‌ನಿಂದಲೂ ಕೆಲಸ ನಡೆಯುತ್ತದೆ. ಆದರೆ 10–12 ಮೀಟರ್ ದಾರ ಎಷ್ಟು ಎಳೆದು ಕಟ್ಟಿದರೂ ನಡುವೆ ಜೋಲುವುದರಿಂದ ಚಿಕ್ಕ ದೂರಕ್ಕೆ ಮಾತ್ರ ಅದನ್ನು ನೆಚ್ಚಬಹುದು.

ಎರಡು ತುದಿ ಅಳೆದು ಸುಮ್ಮನಾಗಬೇಡಿ. ಪ್ರತಿ ಕಂಬ ಬರುವ ಜಾಗದಲ್ಲೂ ನೆಲದ ಮಟ್ಟ ಬರೆದುಕೊಳ್ಳಿ. ಇದು ಯಾಕೆ ಬೇಕು ಎನ್ನುವುದು ಮುಂದಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಒಂದು ಲೆಕ್ಕ, ಮೊದಲಿನಿಂದ ಕೊನೆಯವರೆಗೆ

ಪ್ಯಾನಲ್ 2.4 ಮೀಟರ್ ಅಗಲ, 1.8 ಮೀಟರ್ ಎತ್ತರ. ಕಂಬ 10 ಸೆಂ.ಮೀ. ಚೌಕ. ಪ್ಯಾನಲ್ ಕಂಬಗಳ ನಡುವೆ ಕೂರುತ್ತದೆ, ಎರಡೂ ಬದಿ ಸೇರಿ 1 ಸೆಂ.ಮೀ. ಬಿಡುವು. ಹಾಗಾದರೆ ಒಂದು ಕಂಬದ ನಡುವಿನಿಂದ ಮುಂದಿನ ಕಂಬದ ನಡುವಿಗೆ 240 + 10 + 1, ಅಂದರೆ 251 ಸೆಂ.ಮೀ. ಐದು ಪ್ಯಾನಲ್‌ಗೆ 12.55 ಮೀಟರ್ ಓಟ, ಆರು ಕಂಬ. ಒಟ್ಟು ಇಳಿತ 180 ಸೆಂ.ಮೀ. ಎಂದಿಟ್ಟುಕೊಂಡರೆ ಇಳಿಜಾರು ಸುಮಾರು ಶೇ. 14, ಪ್ರತಿ ಪ್ಯಾನಲ್‌ಗೆ ಮೆಟ್ಟಿಲು 180 ÷ 5 = 36 ಸೆಂ.ಮೀ.

ಐದು ಪ್ಯಾನಲ್‌ಗೆ ಮೆಟ್ಟಿಲುಗಳು ನಾಲ್ಕೇ ಅಲ್ಲವೇ, ನಾಲ್ಕರಿಂದ ಭಾಗಿಸಬೇಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಕಣ್ಣಿಗೆ ಕಾಣುವ ಮೆಟ್ಟಿಲು ನಾಲ್ಕೇ, ನಿಜ. ಆದರೆ ಕೊನೆಯ ಪ್ಯಾನಲ್‌ನ ಅಡಿಯಲ್ಲೂ ನೆಲ 36 ಸೆಂ.ಮೀ. ಇಳಿಯುತ್ತದೆ. ನಾಲ್ಕರಿಂದ ಭಾಗಿಸಿದರೆ ಒಂದೊಂದು ಮೆಟ್ಟಿಲೂ 45 ಸೆಂ.ಮೀ. ಆಗಿ, ಕೆಳಕ್ಕೆ ಹೋದಂತೆ ಪ್ಯಾನಲ್ ಮಣ್ಣಿಗೆ ಹೂತುಕೊಳ್ಳುತ್ತದೆ.

ಈ ಸಮ ಮೆಟ್ಟಿಲು ಚೆನ್ನಾಗಿ ಕೂರುವುದು ಇಳಿಜಾರು ಉದ್ದಕ್ಕೂ ಒಂದೇ ಸಮನಾಗಿದ್ದರೆ. ನಿಜವಾದ ನೆಲ ಹಾಗಿರುವುದು ಅಪರೂಪ. ಒಟ್ಟು ಇಳಿತ ಅದೇ 180 ಸೆಂ.ಮೀ. ಇದ್ದು, ಕಂಬದಿಂದ ಕಂಬಕ್ಕೆ ಇಳಿತ 20, 30, 55, 45, 30 ಎಂದಿದೆ ಎನ್ನಿ. ಮೇಲ್ಭಾಗದಲ್ಲಿ ನೆಲ ಉಬ್ಬಿದೆ, ನಡುವೆ ಕಡಿದಾಗಿದೆ. ಇಲ್ಲಿ 36ರ ಸಮ ಮೆಟ್ಟಿಲು ಹಾಕಿ, ಮೊದಲ ಪ್ಯಾನಲ್‌ನ ಅಡಿಯನ್ನು ನೆಲದಿಂದ 5 ಸೆಂ.ಮೀ. ಮೇಲಿಟ್ಟು ಹೊರಟರೆ ಏನಾಗುತ್ತದೆ ನೋಡಿ. ಎರಡನೇ ಪ್ಯಾನಲ್‌ನ ಮೇಲ್ತುದಿ (ಎತ್ತರದ ನೆಲದ ಬದಿಯ ಅಡಿ) ನೆಲದಿಂದ 11 ಸೆಂ.ಮೀ. ಒಳಗೆ ಹೋಗುತ್ತದೆ, ಮೂರನೆಯದು 17 ಸೆಂ.ಮೀ. ಒಳಗೆ. ಐದನೆಯದರ ಮೇಲ್ತುದಿ ನೆಲದಿಂದ 11 ಸೆಂ.ಮೀ. ಮೇಲೆ ತೇಲುತ್ತದೆ. ಎರಡು ತುದಿಯ ಅಳತೆ ಸರಿ, ಭಾಗಾಕಾರ ಸರಿ, ಬೇಲಿ ಮಾತ್ರ ತಪ್ಪು.

ಇದಕ್ಕೆ ಎರಡು ಪರಿಹಾರ. ಉಬ್ಬಿದ ಮಣ್ಣನ್ನು ಬೇಲಿಯ ಗೆರೆಯಲ್ಲಿ ಕೆತ್ತಿ ತೆಗೆಯುವುದು; ಈ ಲೆಕ್ಕದಲ್ಲಿ ಎರಡನೇ ಪ್ಯಾನಲ್ ಬಳಿ 16 ಸೆಂ.ಮೀ., ಮೂರನೆಯದರ ಬಳಿ 22 ಸೆಂ.ಮೀ. ಕೆತ್ತಿದರೆ 5 ಸೆಂ.ಮೀ. ಬಿಡುವು ಸಿಗುತ್ತದೆ. ಇಲ್ಲವೇ ಮೆಟ್ಟಿಲುಗಳನ್ನು ನೆಲದ ಹಾಗೆಯೇ ಏರುಪೇರಾಗಿ ಇಡುವುದು: 20, 30, 55, 45. ಮೊದಲನೆಯದರಲ್ಲಿ ಬೇಲಿಯ ಮೇಲಂಚು ಕಣ್ಣಿಗೆ ಹಿತ. ಎರಡನೆಯದರಲ್ಲಿ ಮಣ್ಣಿನ ಕೆಲಸ ಇಲ್ಲ. ಕೆತ್ತಬೇಕಾದ ಮಣ್ಣು ಒಂದು ಹಾರೆಯ ಆಳಕ್ಕಿಂತ ಕಡಿಮೆ ಇದ್ದರೆ ಕೆತ್ತುವುದೇ ಮೇಲು. ಅದಕ್ಕಿಂತ ಹೆಚ್ಚಾದರೆ ನೆಲವನ್ನು ಅದರ ಪಾಡಿಗೆ ಬಿಟ್ಟು ಮೆಟ್ಟಿಲು ಬದಲಿಸಿ, ಏಕೆಂದರೆ ಕೆತ್ತಿದ ಅಂಚಿನ ಮಣ್ಣು ಮಳೆಗೆ ಕುಸಿದು ಮತ್ತೆ ಪ್ಯಾನಲ್ ಅಡಿಗೇ ಬರುತ್ತದೆ.

ಟೇಪು ಹಿಡಿಯುವಲ್ಲಿ ಆಗುವ ತಪ್ಪು

ಇಳಿಜಾರಿನಲ್ಲಿ ಬೇಲಿ ಕೆಡಿಸುವ ಮೊದಲ ಕಾರಣ ಇದು. ಟೇಪನ್ನು ನೆಲದ ಮೇಲೆ ಹಾಸಿ 251 ಸೆಂ.ಮೀ.ಗೆ ಒಂದೊಂದು ಗುರುತು ಹಾಕಿಬಿಡುತ್ತಾರೆ. ಓರೆಯಾಗಿ ಅಳೆದ 251 ಸೆಂ.ಮೀ. ಮಟ್ಟವಾಗಿ ಅಷ್ಟಿರುವುದಿಲ್ಲ. ಶೇ. 14ರ ಇಳಿಜಾರಿನಲ್ಲಿ ಅದು ಸುಮಾರು 248.5 ಆಗುತ್ತದೆ. ಎರಡೂವರೆ ಸೆಂಟಿಮೀಟರ್ ಹೋಯಿತು. ನಮ್ಮಲ್ಲಿದ್ದ ಬಿಡುವು ಒಂದೇ ಸೆಂಟಿಮೀಟರ್. ಪ್ಯಾನಲ್ ಒಳಗೆ ಹೋಗುವುದೇ ಇಲ್ಲ. ಇಳಿಜಾರು ಶೇ. 25 ಇದ್ದರೆ ಏಳೂವರೆ ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಶೇ. 7ರಲ್ಲಿ ಮಾತ್ರ 6 ಮಿಲಿಮೀಟರ್‌ನಷ್ಟೇ ವ್ಯತ್ಯಾಸ, ಅದು ಬಿಡುವಿನಲ್ಲೇ ಮುಚ್ಚಿಹೋಗುತ್ತದೆ. ಸಣ್ಣ ಇಳಿಜಾರಿನಲ್ಲಿ ನಡೆದುಹೋದ ಅಭ್ಯಾಸ ದೊಡ್ಡ ಇಳಿಜಾರಿನಲ್ಲಿ ಕೈಕೊಡುವುದು ಹೀಗೆ.

ಸರಿಯಾದ ಕ್ರಮ ಇಷ್ಟೆ. ಟೇಪಿನ ಸೊನ್ನೆಯನ್ನು ಮೇಲಿನ ಗುರುತಿನ ಮೇಲೆ ನೆಲಕ್ಕೆ ಹಿಡಿಯಿರಿ. ಇನ್ನೊಂದು ತುದಿಯನ್ನು ಗಾಳಿಯಲ್ಲಿ ಎತ್ತಿ, ಟೇಪು ಸರಿಮಟ್ಟವಾಗುವಂತೆ ಬಿಗಿಯಾಗಿ ಎಳೆಯಿರಿ. ಉದ್ದದ ಲೆವೆಲ್ ಪಟ್ಟಿಯನ್ನು ಕೆಳಗೆ ಹಿಡಿದು ನೋಡಿದರೆ ಸಂಶಯ ಉಳಿಯುವುದಿಲ್ಲ. 251ರ ಗೆರೆಯಿಂದ ತೂಗುಗುಂಡು ಇಳಿಬಿಡಿ. ಗುಂಡು ಅಲುಗಾಟ ನಿಲ್ಲಿಸಿ ಎಲ್ಲಿ ನೆಲ ಮುಟ್ಟುತ್ತದೋ ಅಲ್ಲೇ ಮುಂದಿನ ಕಂಬದ ನಡು. ಗಾಳಿ ಇದ್ದರೆ ಗುಂಡಿನ ದಾರವನ್ನು ಗಿಡ್ಡ ಮಾಡಿಕೊಳ್ಳಿ. ಒಂದೊಂದು ಕಂಬಕ್ಕೂ ಇದೇ ರೀತಿ ಮುಂದೆ ಸಾಗಿ, ಕೊನೆಯಲ್ಲಿ ಒಟ್ಟು ಓಟವನ್ನು ಇನ್ನೊಮ್ಮೆ ಕೂಡಿಸಿ ನೋಡಿ.

ಓರೆ ಪದ್ಧತಿಯಲ್ಲಿ ನಿಯಮ ತಿರುಗುಮುರುಗಾಗುತ್ತದೆ. ಅಲ್ಲಿ ಅಡ್ಡಪಟ್ಟಿಯೇ ಇಳಿಜಾರಿನುದ್ದಕ್ಕೆ ಮಲಗುವುದರಿಂದ 240 ಸೆಂ.ಮೀ. ಉದ್ದದ ಪಟ್ಟಿ ಶೇ. 14ರಲ್ಲಿ ಮಟ್ಟವಾಗಿ ಸುಮಾರು 237.5 ಸೆಂ.ಮೀ. ಮಾತ್ರ ಆವರಿಸುತ್ತದೆ. ಕಂಬದ ನಡುವಿನಿಂದ ನಡುವಿಗೆ ಮಟ್ಟ ದೂರ 248.5 ಸಾಕು. ಅಲ್ಲಿ 251 ಇಟ್ಟರೆ ಪ್ಯಾನಲ್ ಬ್ರಾಕೆಟ್‌ಗೆ ಮುಟ್ಟದೆ ಎರಡೂವರೆ ಸೆಂಟಿಮೀಟರ್ ಹಿಂದೆಯೇ ನಿಲ್ಲುತ್ತದೆ. ಆದ್ದರಿಂದ ಯಾವ ಪದ್ಧತಿ ಎಂದು ತೀರ್ಮಾನವಾಗುವ ತನಕ ಗುಂಡಿಗಳ ಗುರುತು ಹಾಕಬಾರದು.

ಕಂಬ ಎಷ್ಟು ಉದ್ದ ಬೇಕು?

ಸಮತಟ್ಟು ನೆಲದ ಲೆಕ್ಕದಲ್ಲಿ ಕಂಬ ತಂದವರು ಮೆಟ್ಟಿಲು ಬೇಲಿಯಲ್ಲಿ ಸಿಕ್ಕಿಬೀಳುತ್ತಾರೆ. ಒಂದು ಕಂಬದ ಎರಡು ಬದಿಯಲ್ಲಿ ಎರಡು ಬೇರೆ ಎತ್ತರದ ಪ್ಯಾನಲ್‌ಗಳು ಇರುತ್ತವೆ. ಕೆಳಬದಿಯ ಪ್ಯಾನಲ್‌ನ ಅಡಿ ನೆಲದಿಂದ 5 ಸೆಂ.ಮೀ., ಅದರ ಮೇಲಂಚು 185. ಅದೇ ಕಂಬಕ್ಕೆ ಮೇಲ್ಬದಿಯಿಂದ ಬಂದು ಸೇರುವ ಪ್ಯಾನಲ್ 36 ಸೆಂ.ಮೀ. ಎತ್ತರದಲ್ಲಿರುತ್ತದೆ: ಅಡಿ 41, ಮೇಲಂಚು 221. ಕಂಬ ಆ 221ಕ್ಕೂ ಮುಟ್ಟಬೇಕು, ಮೇಲೆ ಒಂದಿಷ್ಟು ಉಳಿಯಬೇಕು. ನೆಲದ ಮೇಲೆ 225 ಸೆಂ.ಮೀ. ಎನ್ನೋಣ. ಎಲ್ಲಕ್ಕಿಂತ ಮೇಲಿನ ತುದಿಯ ಒಂದು ಕಂಬಕ್ಕೆ ಮಾತ್ರ 189 ಸಾಕು, ಅಲ್ಲಿ ಮೇಲಿನಿಂದ ಯಾವ ಪ್ಯಾನಲೂ ಬರುವುದಿಲ್ಲ. ಮೆಟ್ಟಿಲು 55 ಇರುವ ಕಡೆ 244 ಬೇಕಾಗುತ್ತದೆ.

ಇಲ್ಲೊಂದು ಕಾನೂನಿನ ವಿಷಯವೂ ಇದೆ. ಪ್ಯಾನಲ್ 1.8 ಮೀಟರ್ ಆದರೂ ಬೇಲಿಯ ಮೇಲಂಚು ಕೆಳತುದಿಯಲ್ಲಿ ನೆಲದಿಂದ 2.2 ಮೀಟರ್ ಆಗಿದೆ. ಬೇಲಿಯ ಎತ್ತರಕ್ಕೆ ಮಿತಿ ಇರುವ ಕಡೆಗಳಲ್ಲಿ ಆ ಮಿತಿಯನ್ನು ಎಲ್ಲಿಂದ ಅಳೆಯುತ್ತಾರೆ, ಯಾವ ಬದಿಯ ನೆಲದಿಂದ ಎಂದು ಮೊದಲೇ ಕೇಳಿಕೊಳ್ಳಬೇಕು. ಗಡಿಗೆರೆ ಯಾವುದು, ನೆಲದಡಿಯಲ್ಲಿ ನೀರಿನ ಪೈಪು, ಕರೆಂಟಿನ ಕೇಬಲ್ ಇದೆಯೇ ಎನ್ನುವುದೂ ಅಗೆಯುವ ಮುಂಚಿನ ಪ್ರಶ್ನೆಗಳೇ.

ನೆಲದೊಳಗೆ ಎಷ್ಟು? ಗಾಳಿಗೆ ಅಡ್ಡ ನಿಲ್ಲುವ ಮುಚ್ಚಿದ ಹಲಗೆ ಬೇಲಿಗೆ ಕಂಬದ ಒಟ್ಟು ಉದ್ದದ ಮೂರನೇ ಒಂದು ಭಾಗ ಹೂಳುವುದು ಭದ್ರವಾದ ರೂಢಿ. ಗಾಳಿ ಹಾದುಹೋಗುವ ಜಾಲರಿಗೆ ನಾಲ್ಕನೇ ಒಂದು ಸಾಕಾಗುತ್ತದೆ. 225 ಸೆಂ.ಮೀ. ಮೇಲಿರುವ ಹಲಗೆ ಬೇಲಿಯ ಕಂಬಕ್ಕೆ 115 ಸೆಂ.ಮೀ. ಹೂಳಿದರೆ ಒಟ್ಟು 3.4 ಮೀಟರ್, ಜಾಲರಿಯಾದರೆ 75 ಹೂಳಿ ಒಟ್ಟು 3 ಮೀಟರ್. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಪ್ರದೇಶಗಳಲ್ಲಿ ಗುಂಡಿ ಆ ಹೆಪ್ಪಿನ ಆಳಕ್ಕಿಂತ ಕೆಳಗೆ ಹೋಗಲೇಬೇಕು, ಇಲ್ಲದಿದ್ದರೆ ಉಬ್ಬುವ ಮಣ್ಣು ಕಂಬವನ್ನು ಮೇಲೆತ್ತುತ್ತದೆ.

ಆಳವನ್ನು ಗುಂಡಿಯ ಕೆಳಬದಿಯ ಅಂಚಿನಿಂದ ಅಳೆಯಿರಿ. ಕಂಬ ವಾಲುವುದು ಕೆಳಗಿನ ಕಡೆಗೆ. ಅದನ್ನು ತಡೆಯುವುದು ಕೆಳಬದಿಯ ಮಣ್ಣು. ಇಳಿಜಾರಿನಲ್ಲಿ ಆ ಕಡೆಯ ಮಣ್ಣು ಮೊದಲೇ ಕಡಿಮೆ, ಮೇಲ್ಬದಿಯಿಂದ ಅಳೆದರೆ ಇನ್ನೂ ಕಡಿಮೆ.

ಗುಂಡಿ, ಕಾಂಕ್ರೀಟ್, ಗುಂಡು

ಗುಂಡಿಯ ಅಗಲ ಕಂಬದ ಮೂರರಷ್ಟು ಇರಲಿ, 10 ಸೆಂ.ಮೀ. ಕಂಬಕ್ಕೆ 30 ಸೆಂ.ಮೀ. ಗುಂಡಿ. ಗೋಡೆ ನೆಟ್ಟಗಿರಬೇಕು, ಇಳಿಜಾರಿಗೆ ಲಂಬವಾಗಿ ಅಲ್ಲ. ಮೇಲೆ ಅಗಲ, ಕೆಳಗೆ ಕಿರಿದು ಆದ ಗುಂಡಿಯಲ್ಲಿ ಕಾಂಕ್ರೀಟ್ ಬೆಣೆಯ ಆಕಾರ ತಾಳಿ ಸಡಿಲವಾಗುತ್ತದೆ. ತಳಕ್ಕೆ 15 ಸೆಂ.ಮೀ. ಜಲ್ಲಿ ಹಾಕಿ ದಮ್ಮಸು ಮಾಡಿ, ಕಂಬದ ಬುಡವನ್ನು ಆ ಜಲ್ಲಿಯ ಮೇಲೇ ಕೂರಿಸಿ. ಕಂಬದ ಅಡಿಯಲ್ಲೂ ಕಾಂಕ್ರೀಟ್ ತುಂಬಿದರೆ ನೀರು ಇಳಿಯಲು ದಾರಿ ಇಲ್ಲದೆ ಮರ ಬುಡದಿಂದಲೇ ಕೊಳೆಯುತ್ತದೆ.

ಈ ಅಳತೆಯ ಒಂದು ಗುಂಡಿಗೆ ಸುಮಾರು 0.07 ಘನ ಮೀಟರ್ ಕಾಂಕ್ರೀಟ್ ಬೇಕು. 1:2:4 ಮಿಶ್ರಣದಲ್ಲಿ ಅದು 22 ಕೆ.ಜಿ. ಸಿಮೆಂಟ್, ಸುಮಾರು 31 ಲೀಟರ್ ಮರಳು, 62 ಲೀಟರ್ 20 ಮಿ.ಮೀ. ಜಲ್ಲಿ. 50 ಕೆ.ಜಿ.ಯ ಒಂದು ಚೀಲದಲ್ಲಿ ಎರಡು ಗುಂಡಿ ಆಗುತ್ತದೆ. ಆರಕ್ಕೆ ಮೂರು ಚೀಲ.

ಮೊದಲು ಎರಡು ತುದಿಯ ಕಂಬ ನಿಲ್ಲಿಸಿ, ನಡುವೆ ದಾರ ಕಟ್ಟಿ. ದಾರ ಕಂಬಗಳ ಮುಖದಿಂದ 1 ಸೆಂ.ಮೀ. ದೂರದಲ್ಲಿರಲಿ. ಮುಟ್ಟಿಸಿ ಕಟ್ಟಿದರೆ ನಡುವಿನ ಒಂದು ಕಂಬ ದಾರವನ್ನು ಸ್ವಲ್ಪ ತಳ್ಳಿದರೂ ಸಾಕು, ಉಳಿದವೆಲ್ಲ ಆ ತಪ್ಪನ್ನೇ ಹಿಂಬಾಲಿಸುತ್ತವೆ. ಪ್ರತಿ ಕಂಬವನ್ನೂ ಅಕ್ಕಪಕ್ಕದ ಎರಡು ಮುಖಗಳಲ್ಲಿ ಲೆವೆಲ್ ಅಥವಾ ಗುಂಡು ಹಿಡಿದು ನೋಡಿ, ಎರಡು ಆಸರೆ ಕೋಲು ಕೊಟ್ಟು ನಿಲ್ಲಿಸಿ. ಇಳಿಜಾರಿನಲ್ಲಿ ಕಣ್ಣನ್ನು ನಂಬಬಾರದು. ಸುತ್ತಲಿನ ನೆಲವೇ ಓರೆಯಾಗಿರುವಾಗ ನೆಟ್ಟಗಿರುವ ಕಂಬ ಮೇಲ್ಗಡೆಗೆ ವಾಲಿದಂತೆ ಕಾಣುತ್ತದೆ. ಅದನ್ನು ‘ಸರಿ’ ಮಾಡಲು ಹೋದವರು ನಿಜಕ್ಕೂ ವಾಲಿಸುತ್ತಾರೆ. ಯಾವ ಪದ್ಧತಿಯಾದರೂ, ಇಳಿಜಾರು ಎಷ್ಟೇ ಇದ್ದರೂ ಕಂಬ ಗುಂಡಿನ ದಾರದ ಹಾಗೆ ನೆಟ್ಟಗೇ ಇರಬೇಕು.

ಗಟ್ಟಿ ಪ್ಯಾನಲ್ ಆಗಿದ್ದರೆ ನಡುವಿನ ಎಲ್ಲ ಕಂಬಗಳಿಗೂ ಒಂದೇ ದಿನ ಕಾಂಕ್ರೀಟ್ ಸುರಿಯುವುದಕ್ಕಿಂತ ಕಂಬ, ಪ್ಯಾನಲ್, ಮತ್ತೆ ಕಂಬ ಎಂದು ಸಾಗುವುದು ಸುರಕ್ಷಿತ. ಪ್ಯಾನಲನ್ನು ಇಟ್ಟಿಗೆ ಅಥವಾ ಮರದ ತುಂಡುಗಳ ಮೇಲೆ ಎತ್ತರಕ್ಕೆ ತಕ್ಕಂತೆ ಕೂರಿಸಿ, ಮುಂದಿನ ಕಂಬವನ್ನು ಅದಕ್ಕೆ ಹೊಂದಿಸಿ ನಿಲ್ಲಿಸಿದರೆ ಐದಾರು ಮಿಲಿಮೀಟರ್‌ನ ತಪ್ಪುಗಳು ಅಲ್ಲಲ್ಲೇ ತೀರುತ್ತವೆ. ಇಟ್ಟಿಗೆಯ ಆಸರೆಯನ್ನು ಕಾಂಕ್ರೀಟ್ ಬಿಗಿಯುವ ತನಕ ತೆಗೆಯಬೇಡಿ. ಪ್ಯಾನಲ್‌ನ ಪೂರ್ತಿ ಭಾರ ಕಂಬಕ್ಕೆ ಬೀಳುವ ಮುಂಚೆ ಕನಿಷ್ಠ ಮೂರು ದಿನ, ಭಾರದ ಹಲಗೆ ಪ್ಯಾನಲ್‌ಗೆ ಒಂದು ವಾರ ಬಿಡಿ, ಆ ದಿನಗಳಲ್ಲಿ ಕಾಂಕ್ರೀಟ್‌ಗೆ ನೀರು ಹಾಕುತ್ತಿರಿ.

ಕಂಬದ ಮೇಲೆ ಬ್ರಾಕೆಟ್‌ನ ಗುರುತು ಹಾಕುವಾಗ ನೆಲದಿಂದ ಅಳೆಯಬೇಡಿ. ನೆಲದಲ್ಲಿ ಒಂದು ಕಲ್ಲು, ಒಂದು ಗುಣಿ ಇದ್ದರೂ ಅದು ಮೇಲಂಚಿಗೆ ಬಂದುಬಿಡುತ್ತದೆ. ಮೇಲಿನ ಮೊದಲ ಕಂಬದ ಗುರುತನ್ನು ನೀರಿನ ಟ್ಯೂಬಿನಿಂದ ಪ್ರತಿ ಕಂಬಕ್ಕೂ ದಾಟಿಸಿ, ಅಲ್ಲಿಂದ 36, 72, 108, 144 ಎಂದು ಕೆಳಕ್ಕೆ ಅಳೆಯಿರಿ. ಕೆಳಗಿನ ಕಂಬಗಳಲ್ಲಿ ಆ ಮಟ್ಟ ಕಂಬದ ತಲೆಗಿಂತ ಮೇಲೆ ಹೋಗುತ್ತದೆ. ಅಲ್ಲಿ ಹಿಂದಿನ ಕಂಬದಲ್ಲಿ ಈಗಾಗಲೇ ಇಳಿಸಿದ ಗುರುತಿನಿಂದ ಮುಂದುವರಿಯಿರಿ.

ಓರೆ ಪದ್ಧತಿಯಲ್ಲಿ ಬೇರೆಯಾಗುವುದು

ಇಲ್ಲಿ ಕಂಬದ ಉದ್ದ ಸಮತಟ್ಟು ನೆಲದಷ್ಟೇ ಸಾಕು, ಕೆಳಗೆ ತ್ರಿಕೋನ ಸಂದೂ ಉಳಿಯುವುದಿಲ್ಲ. ನಮ್ಮ ಲೆಕ್ಕದ ಇಳಿಜಾರಿನಲ್ಲಿ 240 ಸೆಂ.ಮೀ. ಪ್ಯಾನಲ್ ಒಂದು ತುದಿಯಿಂದ ಇನ್ನೊಂದಕ್ಕೆ 34 ಸೆಂ.ಮೀ. ವಾಲಬೇಕು. ತಯಾರಕರು 25 ಎಂದು ಹೇಳಿದ್ದರೆ ಆ ಪ್ಯಾನಲ್ ಇಲ್ಲಿಗಲ್ಲ.

ಪ್ಯಾನಲನ್ನು ನೆಲದ ಮೇಲೆ ಮಲಗಿಸಿ, ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನು ಮೆಲ್ಲಗೆ ಎಳೆದು ವಾಲಿಸಿ ನೋಡಿ. ಬೇಕಾದಷ್ಟು ಬಂದ ಮೇಲೆ ಒಂದು ತಾತ್ಕಾಲಿಕ ಪಟ್ಟಿಯನ್ನು ಕರ್ಣವಾಗಿ ಹೊಡೆದರೆ ಎತ್ತುವಾಗ ಆಕಾರ ಕೆಡುವುದಿಲ್ಲ. ನೇರ ಬ್ರಾಕೆಟ್ ಇಲ್ಲಿ ಪ್ರಯೋಜನವಿಲ್ಲ, ತಿರುಗುವ ಬ್ರಾಕೆಟ್ ಬೇಕು. ಚೌಕವಾಗಿ ಕತ್ತರಿಸಿದ ಅಡ್ಡಪಟ್ಟಿಯ ತುದಿ ಕಂಬಕ್ಕೆ ಪೂರ್ತಿ ಒತ್ತುವುದಿಲ್ಲ, 8 ಸೆಂ.ಮೀ. ದಪ್ಪದ ಪಟ್ಟಿಯಲ್ಲಿ ಒಂದು ಸೆಂಟಿಮೀಟರ್‌ಗೂ ಮಿಕ್ಕಿ ಬೆಣೆಯಾಕಾರದ ಸಂದು ಬೀಳುತ್ತದೆ. ಆ ತುದಿಯನ್ನು ಓರೆಯಾಗಿ ಕೊಯ್ದು, ಕೊಯ್ದ ಮುಖಕ್ಕೆ ಮರದ ರಕ್ಷಕ ಎಣ್ಣೆ ಹಚ್ಚಿ. ಸತುವಿನ ಲೇಪದ ಕಬ್ಬಿಣವಾದರೆ ಕತ್ತರಿಸಿದ ಕಡೆ ಸತುವಿನ ಬಣ್ಣ ಬಳಿಯಬೇಕು. ತುಕ್ಕು ಶುರುವಾಗುವುದೇ ಅಲ್ಲಿಂದ. ಪ್ಯಾನಲ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಕೂರಿಸುತ್ತ ಹೋದರೆ ಪ್ರತಿ ಪ್ಯಾನಲ್ ಆಗಲೇ ಗಟ್ಟಿಯಾದ ಕಂಬಕ್ಕೆ ಆತುಕೊಳ್ಳುತ್ತದೆ, ಜಾರುವುದಿಲ್ಲ.

ಮೆಟ್ಟಿಲಿನ ಕೆಳಗೆ ಉಳಿಯುವ ತ್ರಿಕೋನ

ಮೇಲ್ತುದಿಯಲ್ಲಿ 5, ಕೆಳತುದಿಯಲ್ಲಿ 41 ಸೆಂ.ಮೀ. ಈ ಸಂದನ್ನು ಕಡಿಮೆ ಮಾಡುವ ಅತಿ ಸರಳ ಉಪಾಯ ಪ್ಯಾನಲ್‌ನ ಅಗಲ ಕಡಿಮೆ ಮಾಡುವುದು. 2.4ರ ಬದಲು 1.2 ಮೀಟರ್ ಪ್ಯಾನಲ್ ಹಾಕಿದರೆ ಮೆಟ್ಟಿಲೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಂಬ, ಗುಂಡಿ ಹೆಚ್ಚಾಗುತ್ತವೆ, ಆ ಖರ್ಚನ್ನು ತೂಗಿ ನೋಡಬೇಕು.

ಉಳಿದ ಸಂದಿಗೆ ಅಡಿಹಲಗೆ ಹಾಕುವುದು ರೂಢಿ. ಹಲಗೆಯನ್ನು ಪ್ಯಾನಲ್‌ನ ಅಡಿಗೆ ಸರಿಮಟ್ಟವಾಗಿ ಹಿಡಿದು, ನೆಲದ ಏರುಪೇರನ್ನು ಪೆನ್ಸಿಲ್‌ನಿಂದ ಅದರ ಮೇಲೆ ಎಳೆದು, ಆ ಗೆರೆಗೆ ಕೊಯ್ದರೆ ನೆಲಕ್ಕೆ ಚೆನ್ನಾಗಿ ಹೊಂದುತ್ತದೆ. ಮಣ್ಣಿಗೆ ತಾಗುವ ಹಲಗೆ ಬೇಗ ಹಾಳಾಗುವುದು ಖಂಡಿತ, ಅದಕ್ಕೇ ಅದು ಪ್ಯಾನಲ್‌ನಿಂದ ಬೇರೆಯಾಗಿದ್ದು ಬಿಚ್ಚಿ ಬದಲಿಸುವಂತಿರಬೇಕು. ಕಾಂಕ್ರೀಟ್ ಅಡಿಹಲಗೆ ಬಾಳಿಕೆ ಬರುತ್ತದೆ. ಗಾಡಿ ಇರುವ ಕಾಂಕ್ರೀಟ್ ಕಂಬಗಳಲ್ಲಿ ಮೇಲಿನ ಪ್ಯಾನಲ್ ಕೂರಲು ಅದೇ ಆಧಾರವೂ ಹೌದು. ನಾಯಿ, ಹೆಗ್ಗಣ ಕೆರೆದು ನುಗ್ಗುವ ಕಡೆ ಸಣ್ಣ ಕಣ್ಣಿನ ಜಾಲರಿಯನ್ನು ಪ್ಯಾನಲ್‌ಗೆ ಕಟ್ಟಿ, ಕೆಳಗಿನ 30 ಸೆಂ.ಮೀ.ಯನ್ನು ಹೊರಮುಖವಾಗಿ ಮಡಚಿ ಮಣ್ಣಿನಡಿ ಹಾಸಿದರೆ ಸಾಕು.

ಸಂದು ಮುಚ್ಚಲು ಪ್ಯಾನಲ್‌ಗೆ ಮಣ್ಣು ಏರಿಸುವುದು ಮಾತ್ರ ಕೂಡದು. ಬೇಲಿ ತಡೆಗೋಡೆಯಲ್ಲ. ಒದ್ದೆ ಮಣ್ಣು ಒತ್ತುವ ಬಲಕ್ಕೆ ಅಡಿಪಟ್ಟಿ ಉಬ್ಬುತ್ತದೆ, ಕಂಬ ವಾಲುತ್ತದೆ. ಮಣ್ಣನ್ನು ತಡೆಯಲೇಬೇಕಿದ್ದರೆ ಅದಕ್ಕೆ ಬೇರೆ ಕಲ್ಲುಗೋಡೆ ಕಟ್ಟಿ, ಬೇಲಿಯನ್ನು ಅದರಿಂದ ದೂರ ಇಡಿ.

ಮಳೆನೀರು

ಇಳಿಜಾರಿಗೆ ಅಡ್ಡಲಾಗಿ ಹೋಗುವ ಬೇಲಿಗೆ ಮೇಲಿನಿಂದ ಹರಿದು ಬರುವ ನೀರು, ಎಲೆ, ಹೂಳು ಎಲ್ಲವೂ ತಗಲುತ್ತವೆ. ಅಡಿಹಲಗೆಯಿಂದ ಸಂದನ್ನೆಲ್ಲ ಮುಚ್ಚಿದರೆ ಬೇಲಿಯೇ ಒಡ್ಡಾಗಿ ನೀರು ನಿಲ್ಲುತ್ತದೆ, ಆಮೇಲೆ ಒಂದು ಕಡೆ ಕೊರೆದುಕೊಂಡು ಕಂಬದ ಬುಡ ಬಯಲಾಗುತ್ತದೆ. ನೀರು ಸಹಜವಾಗಿ ಹರಿಯುವ ತಗ್ಗಿನಲ್ಲಿ ಕಂಬ ಬರದಂತೆ ಪ್ಯಾನಲ್‌ಗಳನ್ನು ಹೊಂದಿಸಿಕೊಳ್ಳಿ. ಅಲ್ಲಿ ಸಂದಿಗೆ ಹಲಗೆಯ ಬದಲು ಜಾಲರಿ ಕಟ್ಟಿ, ಕೆಳಗೆ ಕಲ್ಲು ಹಾಸಿ.

ಕಂಬದ ಸುತ್ತಲಿನ ಕಾಂಕ್ರೀಟ್‌ನ ಮೇಲ್ಮುಖವನ್ನು ನೆಲಕ್ಕಿಂತ ಮೂರು ನಾಲ್ಕು ಸೆಂ.ಮೀ. ಎತ್ತರಿಸಿ, ಕಂಬದಿಂದ ಹೊರಕ್ಕೆ ಇಳಿಯುವಂತೆ ಕರಣೆಯಿಂದ ನಯಗೊಳಿಸಬೇಕು. ಮೇಲ್ಬದಿಯಲ್ಲಿ ಸ್ವಲ್ಪ ಹೆಚ್ಚೇ ಎತ್ತರಿಸಿ. ನೀರು ಬಂದು ಬಡಿಯುವುದು ಆ ಕಡೆಗೆ. ಕಡಿದಾದ ಜಾಗದಲ್ಲಿ ಹಸಿ ಕಾಂಕ್ರೀಟ್ ಕೆಳಬದಿಯ ಅಂಚಿನಿಂದ ಹರಿದುಹೋಗುತ್ತದೆ, ಅಲ್ಲೊಂದು ಹಲಗೆ ಅಡ್ಡ ಇಟ್ಟು ಸುರಿಯಿರಿ.

ಗೇಟು ಎಲ್ಲಿ, ಯಾವ ಕಡೆಗೆ?

ಆಯ್ಕೆ ಇದ್ದರೆ ಇರುವುದರಲ್ಲೇ ಸಮತಟ್ಟಾದ ಜಾಗ ಗೇಟಿಗೆ ಮೀಸಲಿಡಿ. ಬೇಲಿಗೆ ಅಡ್ಡಲಾಗಿ ನೆಲ ಇಳಿಯುತ್ತಿದ್ದರೆ ಗೇಟು ಕೆಳಬದಿಗೆ ತೆರೆಯಬೇಕು. ಮೇಲ್ಬದಿಗೆ ತೆರೆದರೆ ಅರ್ಧ ದಾರಿಯಲ್ಲೇ ಅಡಿ ನೆಲಕ್ಕೆ ಉಜ್ಜುತ್ತದೆ.

ಬೇಲಿಯ ಉದ್ದಕ್ಕೆ ನೆಲ ಇಳಿಯುತ್ತಿದ್ದು, ಗೇಟಿನ ಅಡಿಯನ್ನೂ ಓರೆಯಾಗಿ ಕೊಯ್ದಿದ್ದರೆ ತಿರುಗಣಿಗಳನ್ನು ಕೆಳಬದಿಯ ಕಂಬಕ್ಕೆ ಹಾಕಿ. ಆಗ ಗೇಟಿನ ತೆರೆಯುವ ತುದಿ ಎತ್ತರದ ನೆಲದ ಮೇಲಿನಿಂದ ತಗ್ಗಿನ ಕಡೆಗೆ ತಿರುಗುತ್ತದೆ, ಬಿಡುವು ಹೆಚ್ಚುತ್ತ ಹೋಗುತ್ತದೆ. ಮೇಲಿನ ಕಂಬಕ್ಕೆ ಹಾಕಿದರೆ ತಗ್ಗಿನಲ್ಲಿದ್ದ ತುದಿ ಏರುನೆಲಕ್ಕೆ ತಿರುಗಿ ಸಿಕ್ಕಿಕೊಳ್ಳುತ್ತದೆ. ಚೌಕ ಗೇಟಿಗೆ ಈ ತೊಂದರೆ ಇಲ್ಲ. ಅದರ ಅಡಿಯ ಬಿಡುವನ್ನು ಎತ್ತರದ ಬದಿಯ ನೆಲಕ್ಕೆ ಹೊಂದಿಸಿದರೆ ಯಾವ ಕಂಬವಾದರೂ ನಡೆಯುತ್ತದೆ, ತಗ್ಗಿನ ಬದಿಯಲ್ಲಿ ಸಂದು ಮಾತ್ರ ದೊಡ್ಡದಾಗಿರುತ್ತದೆ. ಗೇಟಿನ ಭಾರ ಹೊರುವ ಕಂಬ ಉಳಿದವುಗಳಿಗಿಂತ ದಪ್ಪವಿರಲಿ, 15–20 ಸೆಂ.ಮೀ. ಹೆಚ್ಚು ಆಳಕ್ಕೆ ಹೋಗಲಿ. ಕಾಂಕ್ರೀಟ್ ಒಂದು ವಾರ ಗಟ್ಟಿಯಾಗುವ ತನಕ ಅದಕ್ಕೆ ಗೇಟು ನೇತುಹಾಕಬೇಡಿ.